ವೃತ್ತಿಸಂಪರ್ಕ ಜಾಲತಾಣಗಳು: ಬಳಕೆಯ ಅನುಭವ ಸುಧಾರಿಸಿದ ಚರಿತ್ರೆ

ಉದ್ಯೋಗಿಗಳು ತಮ್ಮ ಕೆಲಸದ ವಿವರ ಪ್ರಕಟಿಸಿ, ಪರಿಚಿತರ ಮೂಲಕ ಹೊಸ ಪರಿಚಯ, ಹೊಸ ಕೆಲಸ ಹುಡುಕಿಕೊಳ್ಳುವ ತಾಣಗಳನ್ನು ಬಳಸಲು ಸುಲಭವಾಗಿಸಿದ ಪ್ರಯತ್ನಗಳ ಚರಿತ್ರೆಯಿದು. ಬಹುಪಾಲು ಇದು ಲಿಂಕ್ಡ್‌ಇನ್‌ನ ಚರಿತ್ರೆಯೇ. ಸದಸ್ಯರ ಅನುಕೂಲ ಹೆಚ್ಚಿಸುವುದು ಒಂದು, ಸದಸ್ಯರ ಸಂಖ್ಯೆ ಹೆಚ್ಚಿಸುವುದು ಇನ್ನೊಂದು; ಇಲ್ಲಿ ಇವೆರಡೂ ಬೇರೆಬೇರೆಯಾಗಿ ನಡೆದದ್ದು ಅಪರೂಪ.

ಪರಿಚಿತರ ಪಟ್ಟಿ ಮಾಡಿ ಅವರ ಪರಿಚಿತರನ್ನೂ ಕಾಣುವ ಏರ್ಪಾಡು 1997ರಲ್ಲಿ ಸಿಕ್ಸ್‌ಡಿಗ್ರೀಸ್ ತಾಣದಲ್ಲಿ ಬಂತು. 2001ರಲ್ಲಿ ರೈಜ಼್ ಅದನ್ನು ಉದ್ಯಮಿಗಳಿಗೆ ಒಗ್ಗಿಸಿತು. ರೀಡ್ ಹಾಫ್‌ಮನ್ ಮತ್ತು ಸಂಗಡಿಗರು ಕಟ್ಟಿದ ಲಿಂಕ್ಡ್‌ಇನ್ 2003ರ ಮೇ 5ರಂದು ತೆರೆದುಕೊಂಡಿತು. ಅದೇ ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಓಪನ್‌ಬಿಸಿ ಹುಟ್ಟಿ ಮುಂದೆ ಕ್ಸಿಂಗ್ ಎನಿಸಿತು. ಮೊದಲ ಲಿಂಕ್ಡ್‌ಇನ್‌ನಲ್ಲಿ ಅಪರಿಚಿತರನ್ನು ನೇರವಾಗಿ ಮಾತನಾಡಿಸುವಂತಿರಲಿಲ್ಲ. ನಡುವಿನ ಪರಿಚಿತರು ಕೋರಿಕೆಯನ್ನು ಮುಂದಕ್ಕೆ ದಾಟಿಸಬೇಕಿತ್ತು; ಬೇಡವೆನಿಸಿದರೆ ತಡೆಯಬಹುದಿತ್ತು. ನಿಧಾನವಾದರೂ ಮರ್ಯಾದೆಯ ಕ್ರಮ. ಆದರೆ ಮೊದಲ ತಿಂಗಳ ಕೊನೆಗೆ ಸೇರಿದ್ದವರು ಸುಮಾರು 4,500 ಮಂದಿ ಮಾತ್ರ. ಇಮೇಲ್ ವಿಳಾಸಪಟ್ಟಿಯನ್ನು ತಾಣಕ್ಕೆ ಏರಿಸಿ, ಅಲ್ಲಿ ಆಗಲೇ ಇರುವ ಪರಿಚಿತರನ್ನು ಕಂಡುಕೊಳ್ಳುವ ಸೌಲಭ್ಯ ಬಂದ ಮೇಲೆ ಬೆಳವಣಿಗೆ ಚುರುಕಾಯಿತು.

2006ರಲ್ಲಿ ಕಂಪನಿ ಸೇರಿದ ಜೊನಾಥನ್ ಗೋಲ್ಡ್‌ಮನ್ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು. ಒಬ್ಬರಿಗೆ ಪರಿಚಿತರಾದ ಇಬ್ಬರು ಪರಸ್ಪರ ಪರಿಚಿತರೂ ಆಗಿರಬಹುದು ಎಂಬ ಸರಳ ತರ್ಕ ಹಿಡಿದು, ಸದಸ್ಯರಿಗೆ ಗೊತ್ತಿರಬಹುದಾದವರ ಹೆಸರುಗಳನ್ನು ಪುಟದಲ್ಲಿ ಸಣ್ಣ ಜಾಹೀರಾತಿನಂತೆ ತೋರಿಸಿದರು. ಇದರಲ್ಲಿ ಏನಿದೆ ಎಂದು ಮೂಗೆಳೆದ ಎಂಜಿನಿಯರುಗಳೂ ಇದ್ದರು. ಜನ ಮಾತ್ರ ಆ ಹೆಸರುಗಳನ್ನು ಎಡೆಬಿಡದೆ ಒತ್ತಿದರು. ಈ ರಂಗದಲ್ಲಿ ಇಷ್ಟು ಪರಿಣಾಮ ಬೀರಿದ ಬದಲಾವಣೆ ಇನ್ನೊಂದಿಲ್ಲ ಎನ್ನಬಹುದು.

ಇದೇ ಉತ್ಸಾಹ ಮುಂದೆ ಅತಿಯಾಯಿತು. ವಿಳಾಸಪಟ್ಟಿಯಲ್ಲಿದ್ದವರಿಗೆ ಸದಸ್ಯರ ಹೆಸರಿನಲ್ಲಿ ಆಹ್ವಾನ ಹೋಗುತ್ತಿತ್ತು. ಉತ್ತರ ಬಾರದಿದ್ದರೆ ಎರಡು ಬಾರಿ ಜ್ಞಾಪನೆಯೂ ಹೋಗುತ್ತಿತ್ತು. ಆ ಜ್ಞಾಪನೆಗಳಿಗೆ ತಾವು ಒಪ್ಪಿರಲಿಲ್ಲ ಎಂದು ಸದಸ್ಯರು 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. 2015ರಲ್ಲಿ 1.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಗುಂಡಿಯ ಮೇಲಿನ ಬರಹ ಎಷ್ಟು ಸ್ಪಷ್ಟವಿರಬೇಕು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣವಿದು.

2012ರಲ್ಲಿ ಬಂದ ಕೌಶಲ ಅನುಮೋದನೆಯೂ ಒಂದೇ ಒತ್ತಿನ ಸುಲಭ. ಸುಲಭವಾದಷ್ಟೂ ಅದರ ತೂಕ ಇಳಿಯಿತು: ಕೆಲಸವನ್ನೇ ನೋಡದವರೂ ಅನುಮೋದಿಸಬಲ್ಲವರಾದರು. ಮೈಕ್ರೋಸಾಫ್ಟ್ 2016ರಲ್ಲಿ 2,620 ಕೋಟಿ ಡಾಲರ್‌ಗೆ ಕಂಪನಿಯನ್ನು ಕೊಂಡಿತು. ಮರುವರ್ಷದ ಆರಂಭದಲ್ಲಿ ಕಿಕ್ಕಿರಿದಿದ್ದ ಕಂಪ್ಯೂಟರ್ ಪುಟವನ್ನು ಮೊಬೈಲ್ ಆಪ್‌ನ ಮಾದರಿಯಲ್ಲಿ ತಿದ್ದಿ ಹಗುರಗೊಳಿಸಲಾಯಿತು. 2020ರಲ್ಲಿ ತಂದ, ಒಂದು ದಿನದಲ್ಲಿ ಮರೆಯಾಗುವ ‘ಸ್ಟೋರೀಸ್’ ಒಂದೇ ವರ್ಷದಲ್ಲಿ ಮುಚ್ಚಿತು. ಕೆಲಸದ ಗುರುತು ಉಳಿಯಲೆಂದೇ ಬರುವ ಜಾಗಕ್ಕೆ ಅದು ಹೊಂದುವಂಥದ್ದೂ ಆಗಿರಲಿಲ್ಲ.

ಬೆಂಗಳೂರಿನ ಪಾಲು ಲೈಟ್ ಆವೃತ್ತಿಯಲ್ಲಿದೆ. ನಿಧಾನ ಸಂಪರ್ಕದ ಅಗ್ಗದ ಫೋನುಗಳಿಗಾಗಿ ಇಲ್ಲಿನ ತಂಡ ರೂಪಿಸಿದ ಹಗುರ ಮೊಬೈಲ್ ತಾಣ 2016ರಲ್ಲಿ ಬಿಡುಗಡೆಯಾಯಿತು. 2ಜಿ ಸಂಪರ್ಕದಲ್ಲೂ ನಾಲ್ಕು ಪಟ್ಟು ಬೇಗ ತೆರೆಯುತ್ತದೆ ಎಂದು ಕಂಪನಿ ಹೇಳಿತು. ಮರುವರ್ಷ ಬಂದ ಆಂಡ್ರಾಯ್ಡ್ ಲೈಟ್ ಆಪ್‌ನ ಗಾತ್ರ ಸುಮಾರು 1 ಎಂಬಿ. 2022ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 2023ರಲ್ಲಿ ಭಾರತದ ಸದಸ್ಯರು ಆಧಾರ್ ಮೂಲಕ ಗುರುತು ದೃಢೀಕರಿಸಿಕೊಳ್ಳುವ ಸೌಲಭ್ಯ ಬಂತು; ನಕಲಿ ಖಾತೆಗಳ ಕಾಲದಲ್ಲಿ ಬೇಕಾಗಿದ್ದ ಸೌಲಭ್ಯ.

ಭಾಷೆಯ ವಿಚಾರದಲ್ಲಿ ನಡಿಗೆ ನಿಧಾನ. 2021ರ ಡಿಸೆಂಬರ್‌ನಲ್ಲಿ ಹಿಂದಿ, 2024ರಲ್ಲಿ ಬಂಗಾಳಿ, ಮರಾಠಿ, ತೆಲುಗು, ಪಂಜಾಬಿ ಸೇರಿದವು. ಕಂಪನಿಯ ತಾಂತ್ರಿಕ ಕೇಂದ್ರ ಇರುವ ನಾಡಿನ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2019ರಲ್ಲಿ ಆರಂಭವಾದ ಅಪ್ನಾ ಆಪ್ ಬೇರೆ ದಾರಿ ಹಿಡಿಯಿತು: ಚಾಲಕರು, ಬಡಗಿಗಳು, ಅಂಗಡಿ ಮಾರಾಟಗಾರರಂಥವರನ್ನು ಗುರಿಯಾಗಿಸಿಕೊಂಡು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸೇವೆ ಕೊಟ್ಟಿತು.