ಬೇರಿಂಗ್

‘ಸ್ಟಾಂಪು ಹಚ್ಚದೆ ಹಾಕಿದರೆ ಬೇರಿಂಗ್ ಬೀಳುತ್ತೆ’ ಎಂಬ ಎಚ್ಚರಿಕೆ ಕೇಳಿದವರು ಈಗ ಕಡಿಮೆ. ಚಕ್ರದ ಬೇರಿಂಗಿಗೂ ಇದಕ್ಕೂ ಮೂಲ ಒಂದೇ: ‘ಹೊರು’ ಎಂಬರ್ಥದ ಇಂಗ್ಲಿಷ್ ಕ್ರಿಯಾಪದ. ಇಲ್ಲಿ ಕಾಗದ ಹೊತ್ತು ಬರುವುದು ಕೊಡದೆ ಉಳಿದ ಅಂಚೆ ದರವನ್ನು.

ಕಂಪನಿ ಸರ್ಕಾರದ ಕಾಲದಲ್ಲಿ ಇದು ತಪ್ಪಲ್ಲ, ರೂಢಿ. 1854ರ ಅಕ್ಟೋಬರ್ 1ರಂದು ದೇಶಕ್ಕೆಲ್ಲ ಅಂಚೆಚೀಟಿ ಬರುವವರೆಗೆ ತೂಕ, ದೂರ ನೋಡಿ ದರ. ಕಳಿಸುವವರು ಕೊಡಬಹುದಿತ್ತು, ಇಲ್ಲವೇ ಪಡೆಯುವವರು. ಆಗಿನ ಕಾಗದಕ್ಕೆ ಸಾಮಾನ್ಯವಾಗಿ ಲಕೋಟೆಯೂ ಇಲ್ಲ: ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಬೆನ್ನಿಗೆ ವಿಳಾಸ. ಅದರ ಮೇಲೆ ‘ಬೇರಿಂಗ್’ ಅಥವಾ ‘ಪೇಯ್ಡ್’ ಮುದ್ರೆ, ಪಕ್ಕದಲ್ಲಿ ಗೀಚಿದ ಅಂಕಿ. ಸಂಗ್ರಾಹಕರು ತಲೆ ಕೆಡಿಸಿಕೊಳ್ಳುವುದು ಈ ಅಂಕಿಗೇ. ಅದು ಆಣೆಯೋ ತೂಕವೋ ಎಂದು ತಿಳಿಯಲು ಗುಮಾಸ್ತರ ಕೈಬರಹಕ್ಕೆ ಕಣ್ಣು ಪಳಗಬೇಕು.

ಚೀಟಿ ಬಂದ ಮೇಲೆ ಬೇರಿಂಗಿಗೆ ದುಪ್ಪಟ್ಟು ದರ. ಆದರೂ ಹಣ ವಸೂಲಾಗಬೇಕಾದ ಕಾಗದ ತಲುಪಿಯೇ ತಲುಪುತ್ತದೆಂದು ಬೇಕೆಂದೇ ಹಾಗೆ ಹಾಕುವವರಿದ್ದರು. ಜಾಣತನವೇ ಸರಿ!

ಮನೆಯ ಹಳೆಯ ಕಡತದಲ್ಲಿ ಇಂಥದ್ದು ಸಿಕ್ಕರೆ ಹೊರಮಡಿಕೆ ಹರಿದುಬಿಡಬೇಡಿ. ಮುದ್ರೆ ಇರುವುದು ಅಲ್ಲೇ.