ಕುಷ್ಠದ ಗುಳಿಗೆ, ರಕ್ತದ ತೂಬು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಿನಗಳಲ್ಲಿ ಈ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಆಸ್ಪತ್ರೆಯ ಗೋಡೆಯ ಮೇಲಿನ ಕುಷ್ಠರೋಗದ ಬರಹ ನೆನಪಿರಬಹುದು. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದ್ದರೆ ತೋರಿಸಿ, ಔಷಧಿ ಉಚಿತ ಎಂಬ ಬರಹ ಅದು. ಮಚ್ಚೆ ತೋರಿಸಿದವರಲ್ಲಿ ರೋಗ ಹೆಚ್ಚು ಹರಡಿದ್ದವರಿಗೆ ಸಿಗುತ್ತಿದ್ದ ಗುಳಿಗೆಗಳಲ್ಲಿ ಒಂದು ಕಂದುಗೆಂಪು ಬಣ್ಣದ್ದು. ಅದರ ಹೆಸರು ಕ್ಲೊಫಾಜಿಮಿನ್. ಅದನ್ನು ತಿಂಗಳುಗಟ್ಟಲೆ ನುಂಗಿದವರ ಮೈ ಕೆಂಪಾಗಿ, ಆಮೇಲೆ ಕಪ್ಪಾಗುತ್ತಿತ್ತು. ರೋಗವನ್ನು ಮುಚ್ಚಿಟ್ಟವನ ಗುಟ್ಟನ್ನು ಔಷಧಿಯೇ ಊರಿಗೆ ಹೇಳಿಬಿಡುತ್ತಿತ್ತು.

ಆ ಗುಳಿಗೆಯ ಹೆಸರು ಈಗ ರಕ್ತದ ಕ್ಯಾನ್ಸರಿನ ಸಂಶೋಧನೆಯಲ್ಲಿ ಕೇಳಿಬರುತ್ತಿದೆ. ಕುಷ್ಠಕ್ಕೂ ರಕ್ತದ ಕ್ಯಾನ್ಸರಿಗೂ ಎತ್ತಣ ಸಂಬಂಧ ಎಂದು ಯಾರಿಗಾದರೂ ಅನ್ನಿಸೀತು. ಸಂಬಂಧ ಇರುವುದು ನಮ್ಮ ಜೀವಕೋಶಗಳ ಗೋಡೆಯಲ್ಲಿರುವ, ಕಣ್ಣಿಗೆ ಕಾಣದ ಒಂದು ತೂಬಿನಲ್ಲಿ.

ಮೊದಲು ಗುಳಿಗೆಯ ಕಥೆ. ಕುಷ್ಠದ ಸೂಕ್ಷ್ಮಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ. ಕಾರಣ ಗೊತ್ತಾದರೂ ಮದ್ದು ಸಿಗಲಿಲ್ಲ. ಬಹುಕಾಲ ರೋಗಿಗಳಿಗೆ ದಿಕ್ಕಾಗಿದ್ದುದು ಚಾಲಮುಗ್ರ ಜಾತಿಯ ಮರಗಳ ಬೀಜದ ಎಣ್ಣೆ. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಗರುಡಫಲ ಇದೇ ಬಳಗದ್ದು. ಕೊಪ್ಪಳ ಸೀಮೆ ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು, ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಅದೇ ಸಂಸ್ಥಾನದ ನಿಜಾಮಾಬಾದ್ ಬಳಿಯ ದಿಚ್‌ಪಲ್ಲಿಯಲ್ಲಿ ವೈದ್ಯೆ ಇಸಾಬೆಲ್ ಕೆರ್ ಕಟ್ಟಿದ ಕುಷ್ಠರೋಗ ಆಸ್ಪತ್ರೆ ಈ ಎಣ್ಣೆಯ ಚುಚ್ಚುಮದ್ದಿಗೆ ಹೆಸರಾಗಿತ್ತು. ಅದು ನೋವಿನ ಚಿಕಿತ್ಸೆ, ಫಲವೂ ಅನಿಶ್ಚಿತ. 1940ರ ದಶಕದಲ್ಲಿ ಡ್ಯಾಪ್ಸೋನ್ ಮತ್ತು ಅದರ ಬಳಗದ ಔಷಧಿಗಳು ಬಂದ ಮೇಲೆ ಎಣ್ಣೆ ಹಿಂದೆ ಸರಿಯಿತು.

ಅದೇ ಕಾಲಕ್ಕೆ ದೂರದ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿನ್ಸೆಂಟ್ ಬ್ಯಾರಿ ಎಂಬ ರಸಾಯನಶಾಸ್ತ್ರಜ್ಞರು ಕ್ಷಯರೋಗದ ಬೆನ್ನು ಹತ್ತಿದ್ದರು. ಅವರು ಆರಂಭಿಸಿದ್ದು ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನಿಂದ. ನಮ್ಮ ಮಸಾಲೆ ಪುಡಿಗೆ ಬೀಳುವ ಕಲ್ಲುಹೂವಿನ ದೂರದ ಬಂಧುವಿನಲ್ಲಿ ಸಿಕ್ಕ ಒಂದು ವಸ್ತುವಿನ ಜಾಡು ಹಿಡಿದು, ವರ್ಷಗಳ ಕಾಲ ಒಂದರಿಂದ ಇನ್ನೊಂದು ರಾಸಾಯನಿಕಕ್ಕೆ ಸಾಗಿ, 1950ರ ದಶಕದಲ್ಲಿ ಅವರ ತಂಡ ಒಂದು ಕೆಂಪು ವಸ್ತುವನ್ನು ತಯಾರಿಸಿತು. ಸಂಕೇತನಾಮ ಬಿ 663. ಇಲಿಗಳ ಕ್ಷಯವನ್ನು ಅದು ಚೆನ್ನಾಗಿ ತಡೆಯಿತು. ಆದರೆ ಮನುಷ್ಯರ ಕ್ಷಯದಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಅಲ್ಲಿಗೆ ಅದರ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕ್ಷಯದ ಮತ್ತು ಕುಷ್ಠದ ಸೂಕ್ಷ್ಮಾಣುಗಳು ಒಂದೇ ಕುಲದವು. 1962ರಲ್ಲಿ ನೈಜೀರಿಯಾದಲ್ಲಿ ಸ್ಟಾನ್ಲಿ ಬ್ರೌನ್ ಮತ್ತು ಹೋಗರ್‌ಜೈಲ್ ಎಂಬ ವೈದ್ಯರು ಇದನ್ನು ಕುಷ್ಠರೋಗಿಗಳಿಗೆ ಕೊಟ್ಟು ಗುಣ ಕಂಡರು. ಎರಡು ವರ್ಷಗಳಲ್ಲಿ ಡ್ಯಾಪ್ಸೋನಿಗೆ ಬಗ್ಗದ ಕುಷ್ಠಾಣುಗಳು ಇರುವುದು ಮಲೇಷ್ಯಾದಲ್ಲಿ ಖಚಿತವಾಯಿತು. ಒಂದೇ ಔಷಧಿಯನ್ನು ನಂಬಿದರೆ ಕೆಟ್ಟೆವು ಎಂಬ ಅರಿವು ಮೂಡಿತು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೊಫಾಜಿಮಿನ್ ಮೂರನ್ನೂ ಸೇರಿಸಿ ಕೊಡುವ ಬಹು ಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಸೂಚಿಸಿದರು. ಭಾರತದ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ 1983ರಲ್ಲಿ ಆರಂಭವಾಯಿತು. ಗೋಡೆಬರಹದ ಹಿಂದೆ ಇಷ್ಟು ಚರಿತ್ರೆ ಇದೆ. ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕುಷ್ಠ ಕೆಳಗಿಳಿದಿದೆ ಎಂದು ದೇಶ ಸಾರಿದ್ದು 2005ರ ಕೊನೆಗೆ.

ಈ ನಡುವೆ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದ್ದರು. ಚಿಕಿತ್ಸೆಯ ನಡುವೆ ಕೆಲವು ಕುಷ್ಠರೋಗಿಗಳಿಗೆ ಇದ್ದಕ್ಕಿದ್ದಂತೆ ಜ್ವರ ಏರಿ, ಮೈಮೇಲೆ ಕೆಂಪು ನೋವಿನ ಗಂಟುಗಳು ಏಳುತ್ತವೆ. ಇದಕ್ಕೆ ಕಾರಣ ಸೂಕ್ಷ್ಮಾಣುವಿಗಿಂತ ಹೆಚ್ಚಾಗಿ ದೇಹದ ರಕ್ಷಣಾಪಡೆಯ ಅತಿರೇಕ. ಕ್ಲೊಫಾಜಿಮಿನ್ ಈ ಅತಿರೇಕವನ್ನೂ ತಣಿಸುತ್ತಿತ್ತು. ಸೂಕ್ಷ್ಮಾಣುವನ್ನು ಕೊಲ್ಲುವ ಮದ್ದು ದೇಹದ ಸಿಟ್ಟನ್ನು ಹೇಗೆ ಇಳಿಸುತ್ತದೆ? ಉತ್ತರಕ್ಕೆ ದಶಕಗಳೇ ಬೇಕಾದವು.

ಈಗ ತೂಬಿನ ಕಥೆ. ಕೊಪ್ಪಳ ಜಿಲ್ಲೆಯ ಓದುಗರಿಗೆ ಇದನ್ನು ವಿವರಿಸಲು ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಣೆಯ ಒಳಗೆ ನೀರು ನಿಂತಿರುವಂತೆ ಪ್ರತಿ ಜೀವಕೋಶದ ಒಳಗೆ ಪೊಟ್ಯಾಸಿಯಂ ತುಂಬಿ ನಿಂತಿರುತ್ತದೆ. ಹೊರಗಿಗಿಂತ ಒಳಗೆ ಸುಮಾರು 30 ಪಟ್ಟು ಹೆಚ್ಚು. ವಿದ್ಯುದಂಶ ಹೊತ್ತ ಇಂಥ ಕಣಗಳನ್ನೇ ಅಯಾನುಗಳೆನ್ನುತ್ತಾರೆ. ಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಗೇಟುಗಳಿವೆ, ಅವೇ ಅಯಾನು ಕಾಲುವೆಗಳು. ಒಂದು ಗೇಟು ತೆರೆದರೆ ಸೆಕೆಂಡಿಗೆ ಹತ್ತಾರು ಲಕ್ಷ ಅಯಾನುಗಳು ದಾಟಬಲ್ಲವು. ನರ ಮಿಡಿಯುವುದು, ಹೃದಯ ಬಡಿಯುವುದು ಈ ಗೇಟುಗಳ ಲೆಕ್ಕದ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಕಿತ್ತುಹೋದಾಗ ಗಂಗಾವತಿಯ ಭತ್ತದ ರೈತರು ಪಟ್ಟ ಆತಂಕ ನಮಗೆ ಗೊತ್ತು. ಒಂದು ಗೇಟು ಎಷ್ಟು ದೊಡ್ಡ ಬಯಲಿನ ಬದುಕನ್ನು ಹಿಡಿದಿರುತ್ತದೆ ಎಂಬುದು ಅದು ಕೆಟ್ಟಾಗಲೇ ತಿಳಿಯುವುದು.

ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿಗಳು 1952ರಲ್ಲಿ ನರದಲ್ಲಿ ಅಯಾನುಗಳ ಹರಿವನ್ನು ಲೆಕ್ಕಕ್ಕೆ ತಂದರು. 1976ರಲ್ಲಿ ಜರ್ಮನಿಯ ನೇಹರ್ ಮತ್ತು ಸಾಕ್‌ಮನ್ ಒಂದೇ ಒಂದು ಗೇಟಿನ ಹರಿವನ್ನು ಗಾಜಿನ ಸೂಕ್ಷ್ಮ ನಳಿಕೆಯಿಂದ ಅಳೆದು ತೋರಿಸಿದರು. 1991ರ ನೊಬೆಲ್ ಬಹುಮಾನ ಅವರದಾಯಿತು. ಈ ಉಪಾಯ ಕೈಗೆ ಬಂದದ್ದೇ ತಡ, ನರ ಮತ್ತು ಸ್ನಾಯುಗಳ ಆಚೆಗೂ ಗೇಟುಗಳನ್ನು ಹುಡುಕುವ ಕೆಲಸ ಶುರುವಾಯಿತು.

ಇಲ್ಲಿ ನಮ್ಮ ನೆರೆಯವರೊಬ್ಬರು ಬರುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಜಾರ್ಜ್ ಚಾಂಡಿ ಕ್ಯಾಲಿಫೋರ್ನಿಯಾದಲ್ಲಿ ಕಹಲಾನ್, ಡಿಕೋರ್ಸಿ ಮತ್ತು ಸುಧೀರ್ ಗುಪ್ತಾ ಅವರೊಂದಿಗೆ ಬಿಳಿರಕ್ತಕಣಗಳಿಗೆ ಈ ನಳಿಕೆ ಹಚ್ಚಿದರು. 1984ರಲ್ಲಿ ಪ್ರಕಟವಾದ ಅವರ ಲೇಖನ ಒಂದು ಹೊಸ ಮಾತು ಹೇಳಿತು. ದೇಹವನ್ನು ಕಾಯುವ ಟಿ ಕಣಗಳಲ್ಲೂ ಪೊಟ್ಯಾಸಿಯಂ ಗೇಟುಗಳಿವೆ, ಅವನ್ನು ಮುಚ್ಚಿದರೆ ಕಣಗಳು ಮರಿ ಹಾಕುವುದನ್ನು ನಿಲ್ಲಿಸುತ್ತವೆ ಎಂಬುದೇ ಆ ಮಾತು. ಪೊಟ್ಯಾಸಿಯಂ ಹೊರಹೋದರೆ ಮಾತ್ರ ಕ್ಯಾಲ್ಸಿಯಂ ಒಳಬರುವ ಸೆಳೆತ ಉಳಿಯುತ್ತದೆ. ಕ್ಯಾಲ್ಸಿಯಂ ಬಂದರೆ ಮಾತ್ರ ಕಣಕ್ಕೆ ವೃದ್ಧಿಯಾಗುವ ಅಪ್ಪಣೆ ಸಿಗುತ್ತದೆ. ಈ ಗೇಟಿಗೆ ಮುಂದೆ ಕೆವಿ 1.3 ಎಂಬ ಹೆಸರು ನಿಂತಿತು.

ಎರಡು ಕಥೆಗಳೂ ಕೂಡಿದ್ದು 2008ರಲ್ಲಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜುನ್ ಲಿಯು ಅವರ ತಂಡ ಈಗಾಗಲೇ ಬಳಕೆಯಲ್ಲಿದ್ದ ಔಷಧಿಗಳನ್ನು ಒಂದೊಂದಾಗಿ ಬಿಳಿರಕ್ತಕಣಗಳ ಮೇಲೆ ಪರೀಕ್ಷಿಸುತ್ತಿತ್ತು. ಕೆವಿ 1.3 ಗೇಟನ್ನು ಮುಚ್ಚುವ ಗುಣ ಕುಷ್ಠದ ಆ ಕೆಂಪು ಗುಳಿಗೆಯಲ್ಲಿ ಕಂಡಿತು. ಅದು ದೇಹದ ಸಿಟ್ಟನ್ನು ಇಳಿಸುತ್ತಿದ್ದುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು.

ರಕ್ತದ ಕ್ಯಾನ್ಸರೆಂದರೆ ಬಿಳಿರಕ್ತಕಣಗಳು ಅಂಕೆ ಮೀರಿ ಹೆಚ್ಚುವುದು ಅಥವಾ ಸಾಯಬೇಕಾದಾಗ ಸಾಯದಿರುವುದು. ಇಟಲಿಯ ಪಾದುವಾದಲ್ಲಿ ಇಲ್ದಿಕೊ ಸಾಬೊ ಅವರ ತಂಡ ಇದೇ ಗೇಟು ಕೋಶದ ಒಳಗಿನ ಶಕ್ತಿಯ ಒಲೆಯಾದ ಮೈಟೊಕಾಂಡ್ರಿಯದಲ್ಲೂ ಇದೆಯೆಂದು ಮೊದಲೇ ತೋರಿಸಿತ್ತು. ಆ ಒಳಗೇಟನ್ನು ಮುಚ್ಚಿದರೆ ಒಲೆಯಿಂದ ಹಾನಿಕರ ಆಮ್ಲಜನಕದ ಕಣಗಳು ಹೊಮ್ಮಿ ಕೋಶ ತಾನೇ ಸಾಯುತ್ತದೆ. 2013ರಲ್ಲಿ ಅವರು ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ, ಹೆಚ್ಚಾಗಿ ವಯಸ್ಸಾದವರಿಗೆ ಬರುವ ರಕ್ತಕ್ಯಾನ್ಸರಿನ ರೋಗಿಗಳ ಕಣಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಕ್ಲೊಫಾಜಿಮಿನ್ ಬೆರೆಸಿದರು. ಕ್ಯಾನ್ಸರ್ ಕಣಗಳು ಸತ್ತವು, ಆರೋಗ್ಯದ ಕಣಗಳು ಬಹುಮಟ್ಟಿಗೆ ಉಳಿದವು. ಕ್ಯಾನ್ಸರ್ ಕಣಗಳಲ್ಲಿ ಗೇಟುಗಳೂ ಹೆಚ್ಚು, ಒಲೆಯ ಉರಿಯೂ ಮೊದಲೇ ಹೆಚ್ಚು. ತುಂಬಿದ ಕೆರೆಗೆ ಒಂದು ಹನಿ ಸಾಕೆಂಬಂತೆ ಅವು ಮೊದಲು ಒಡೆದವು.

ನಮ್ಮ ದೇಶದಲ್ಲಿ ವಯಸ್ಕರಿಗೆ ಹೆಚ್ಚಾಗಿ ಬರುವುದು ಇನ್ನೊಂದು ಬಗೆ, ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ. ಇದಕ್ಕೆ 2001ರಲ್ಲಿ ಬಂದ ಇಮಾಟಿನಿಬ್ ಸಂಜೀವಿನಿಯೇ ಆಯಿತು. ಅದರ ಮೂಲ ಕಂಪನಿಯ ಬೆಲೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ದೇಶೀ ಕಂಪನಿಗಳ ಅದೇ ಔಷಧಿ ಅದರ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಮೂಲ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಆ ಅಗ್ಗದ ದಾರಿ ಮುಚ್ಚಲಿಲ್ಲ. ಆದರೂ ಕೆಲವರಲ್ಲಿ ರೋಗ ಇಮಾಟಿನಿಬ್‌ಗೆ ಬಗ್ಗುವುದಿಲ್ಲ. 2020ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಮಾಟಿನಿಬ್ ಜತೆ ಕ್ಲೊಫಾಜಿಮಿನ್ ಸೇರಿಸಿದರೆ ಈ ಕ್ಯಾನ್ಸರಿನ ಕಣಗಳು ಇನ್ನಷ್ಟು ಸಾಯುತ್ತವೆಂದು ಪ್ರಯೋಗಾಲಯದಲ್ಲಿ ತೋರಿಸಿದರು. ಅವರು ಕಂಡ ದಾರಿ ಪೊಟ್ಯಾಸಿಯಂ ಗೇಟಿನದಲ್ಲ, ಕೋಶಕೇಂದ್ರದ ಇನ್ನೊಂದು ಪ್ರೋಟೀನಿನದು. ಒಂದೇ ಗುಳಿಗೆ ಹಲವು ಬಾಗಿಲು ತಟ್ಟುತ್ತದೆ ಎಂದಾಯಿತು.

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ತಟ್ಟೆಯಲ್ಲಿ ಕಣ ಸಾಯುವುದಕ್ಕೂ ಮನುಷ್ಯ ಬದುಕುವುದಕ್ಕೂ ನಡುವೆ ಬಹಳ ದೂರವಿದೆ. ಇಲಿಯ ಕ್ಷಯವನ್ನು ಗೆದ್ದ ಇದೇ ವಸ್ತು ಮನುಷ್ಯರಲ್ಲಿ ಸೋತದ್ದನ್ನು ಮರೆಯಬಾರದು. ಗೇಟುಗಳು ಕ್ಯಾನ್ಸರ್ ಕಣದ ಸ್ವತ್ತೂ ಅಲ್ಲ. ಫ್ಲಾರೆನ್ಸಿನ ಅನ್ನಾರೋಸಾ ಅರ್ಕಾಂಜೆಲಿ ರಕ್ತಕ್ಯಾನ್ಸರಿನಲ್ಲಿ ಗುರುತಿಸಿದ ಹರ್ಗ್ ಎಂಬ ಪೊಟ್ಯಾಸಿಯಂ ಗೇಟು ಹೃದಯದಲ್ಲೂ ಇದೆ, ಅದನ್ನು ಅಜಾಗರೂಕವಾಗಿ ಮುಚ್ಚಿದರೆ ಹೃದಯದ ತಾಳ ತಪ್ಪುತ್ತದೆ. ಕ್ಲೊಫಾಜಿಮಿನ್ ಕೂಡ ಹೃದಯದ ಲಯವನ್ನು ಏರುಪೇರು ಮಾಡಬಲ್ಲದು. ಕ್ಯಾನ್ಸರಿಗೆಂದು ಯಾರೂ ಈ ಗುಳಿಗೆಯನ್ನು ಹುಡುಕಿ ನುಂಗತಕ್ಕದ್ದಲ್ಲ.

ಹಾಗಾದರೆ ಈ ಕಥೆಯಿಂದ ಯಲಬುರ್ಗಾದ ಎರೆಹೊಲದ ಕೂಲಿಗೆ ಏನು ಬಂತು? ಅವನ ಮನೆಯವರಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದರೆ 2015ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ಕಾಲೇಜಿನ ಬಾಗಿಲು ಹತ್ತಿರವಿದೆ. ಆದರೂ ಹಲವರ ಪಯಣ 1973ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ, ಸುಮಾರು 350 ಕಿಲೋಮೀಟರು ಸಾಗುತ್ತದೆ. ಬಸ್ಸಿನ ಖರ್ಚು, ಕಳೆದುಕೊಂಡ ಕೂಲಿ, ಜತೆಗೊಬ್ಬರ ಊಟ ಇವೆಲ್ಲ ಔಷಧಿಯ ಬೆಲೆಗೆ ಸೇರುತ್ತವೆ. ಅಂಥವರಿಗೆ ಹಳೆಯ, ಅಗ್ಗದ, ಗುಣದೋಷ ಗೊತ್ತಿರುವ ಗುಳಿಗೆಯೊಂದು ಹೊಸ ಕೆಲಸಕ್ಕೆ ಒದಗಿದರೆ ಅದು ಸಣ್ಣ ಮಾತಲ್ಲ. ಆದರೆ ಪೇಟೆಂಟ್ ಮುಗಿದ ಔಷಧಿಯ ಪರೀಕ್ಷೆಗೆ ಹಣ ಹೂಡಲು ಕಂಪನಿಗಳಿಗೆ ಆಸಕ್ತಿ ಕಡಿಮೆ. ಆ ಭಾರ ಲಖನೌದಂಥ ಸರಕಾರಿ ಪ್ರಯೋಗಾಲಯಗಳ ಮೇಲೆ, ಅಂದರೆ ನಮ್ಮೆಲ್ಲರ ಮೇಲೆ ಬೀಳುತ್ತದೆ.

ಕ್ಷಯಕ್ಕೆಂದು ಹುಟ್ಟಿ ಸೋತ ಈ ಗುಳಿಗೆ ಕುಷ್ಠದಲ್ಲಿ ಗೆದ್ದು, ಔಷಧಿಗೆ ಬಗ್ಗದ ಕ್ಷಯದ ಚಿಕಿತ್ಸೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ಔಷಧಿಗಳ ಪಟ್ಟಿಗೆ ಮರಳಿತು. ಈಗ ಮೂರನೆಯ ರೋಗದ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಹೋಗುತ್ತದೋ ಇಲ್ಲವೋ ಪರೀಕ್ಷೆಗಳು ಹೇಳಬೇಕು. ಅದು ಮನುಷ್ಯರ ಮೈಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ವಿಜ್ಞಾನಿಗಳಿಗೆ ಇಷ್ಟು ಚೆನ್ನಾಗಿ ಗೊತ್ತಿರುವುದು ಯಾರಿಂದ ಎಂದು ಮಾತ್ರ ನೆನೆಯಬೇಕು. ಮೈ ಕಪ್ಪಾಗಿ, ಊರವರ ಕಣ್ಣು ತಪ್ಪಿಸಿ, ತಿಂಗಳುಗಟ್ಟಲೆ ಅದನ್ನು ನುಂಗಿದ ಕುಷ್ಠರೋಗಿಗಳಿಂದ. ಆ ರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ನಮ್ಮ ಕಾನೂನು ತೆಗೆದುಹಾಕಿದ್ದು 2019ರಲ್ಲಿ.