ನಡುಗಿದ್ದು ಎಲ್ಲರ ನೆಲ, ಸಾಲ ಉಳಿದದ್ದು ಯಾರಿಗೆ?

ಭೂಕಂಪಕ್ಕೆ ಜಾತಿ ಇಲ್ಲ ಅಂತಾರೆ. ಪರಿಹಾರಕ್ಕೆ ಇದೆ, ಗೆಳೆಯರೇ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್ ಗಡಿಯಾಚೆ ಲಾತೂರಿನ ಕಿಲ್ಲಾರಿ ಸೀಮೆ ನೆಲಸಮವಾಯ್ತು. ಸಾವಿರಾರು ಜನ ಸತ್ತರು. ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕ್ ಸಾಲದ ನೆರವು ಪಡೆದು 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿಸಿತು. ಮನೆ ಅಳತೆ ಹೇಗೆ ನಿಗದಿಯಾಯ್ತು ಗೊತ್ತಾ? ಮನೇಲಿ ಎಷ್ಟು ಜನ ಅಂತಲ್ಲ, ಹೊಲ ಎಷ್ಟು ಅಂತ! 7 ಹೆಕ್ಟೇರ್ ಮೇಲಿದ್ದವರಿಗೆ 750 ಚದರ ಅಡಿ, ಭೂಮಿ ಇಲ್ಲದವರಿಗೆ 250.

ತಲೆಮಾರುಗಳಿಂದ ಭೂಮಿ ದಕ್ಕದಂತೆ ಇಟ್ಟದ್ದು ಯಾರನ್ನ?

ಮಗನ ಮದುವೆಯಾದ್ರೆ ಆ 250 ಅಡಿಗೆ ಇನ್ನೊಂದು ಕೋಣೆ ಸೇರಿಸಬೇಕು. ಅದಕ್ಕೆ ಕೂಲಿ ದುಡ್ಡೋ, ಬಡ್ಡಿ ಸಾಲವೋ ಸುರೀಬೇಕು. ಈ ಖರ್ಚು ಯಾವ ಸರ್ಕಾರಿ ಲೆಕ್ಕದಲ್ಲೂ ಬರಲ್ಲ.

ನಾನು ಕೇಳೋದಿಷ್ಟೇ: ಪುನರ್ವಸತಿ ಲೆಕ್ಕ ಪಹಣಿ ನೋಡಿ ಅಲ್ಲ, ತಲೆ ಎಣಿಸಿ ಶುರುವಾಗಲಿ.

ಜೈ ಭೀಮ್.